ಮೇಲೆದ್ದ ಮುಷ್ಟಿ

ನಮ್ಮ ಬೆಟ್ಟದೂರು ಗರ್ಯಾನಿನಿಂದ ರಾಜಧಾನಿ ಟ್ರಿಪೋಲಿಗೆ ವಾರಕ್ಕೆರಡು ಸಲ ಮಾವನವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವವಳು ನಾನೇ. ಅವತ್ತು ಬೆಟ್ಟ ಇಳಿಯುವ ಮೊದಲೇ ಟ್ಯಾಕ್ಸಿ ಓಡಿಸುವ ಅರೀಬಿ ಬಾಯಿ ತೆರೆದ.

"ಏನೇ ಅನ್ನಿ ಹಾಜಿಗಳೇ, ನಾಯಕನ ಕಾಲದಲ್ಲಿ ಬಾಗಿಲು ತೆಗೆದಿಟ್ಟು ಮಲಗ್ತಿದ್ವಿ."

"ಹೂಂನಪ್ಪ. ಅವನ ಸಿಪಾಯಿಗಳು ಬಂದು ಎಳ್ಕೊಂಡು ಹೋಗೋಕೆ ಸುಲಭ ಆಗ್ಲಿ ಅಂತ," ಎಂದರು ಮಾವ. ನಲವತ್ತು ವರ್ಷ ದೇಶ ಆಳಿ ದಂಗೆಯಲ್ಲಿ ಸತ್ತ ಆ ನಾಯಕನ ಜೈಲಿನಲ್ಲಿ ಒಂಬತ್ತು ವರ್ಷ ಕೊಳೆತವರು ಅವರು.

"ಈಗೇನು ಸುಖ ಸುರೀತಿದ್ಯಾ? ಆಗ ಒಬ್ಬನಿಗೆ ಹೆದರಿದ್ರೆ ಸಾಕಿತ್ತು. ಈಗ ಬೀದಿಗೊಬ್ಬ."

"ಹತ್ತು ತೋಳ ಬಂದ್ವು ಅಂತ ಸತ್ತ ಹುಲೀನ ಹೊಗಳ್ತೀಯೇನೋ, ಕತ್ತೆ?"

ಇಬ್ಬರಿಗೂ ವಾರವಾರವೂ ಇದೇ ಜಗಳ. ನನಗೆ ಮಾತ್ರ ದಾರಿಯದೇ ಚಿಂತೆ. ನಮ್ಮ ಪಕ್ಕದ ಮನೆಯ ಫರಜ್‌ನನ್ನು ಇದೇ ದಾರಿಯಲ್ಲಿ ಬಂದೂಕಿನವರು ಕಾರಿನಿಂದ ಇಳಿಸಿಕೊಂಡಿದ್ದರು. ಅವನು ಇನ್ನೂ ಮನೆಗೆ ಬಂದಿಲ್ಲ.

ತಿರುವಿನಲ್ಲಿ ಮಣ್ಣಿನ ದಿಬ್ಬ, ಮಷೀನ್‌ಗನ್ ಹೊತ್ತ ಜೀಪು ಕಾಣಿಸಿದವು. ಹೋದ ಸಲ ಇರಲಿಲ್ಲ. ಬಾವುಟವೂ ಇಲ್ಲ, ಯಾವ ಗುಂಪಿನವರೋ ದೇವರೇ ಬಲ್ಲ.

ಮುಸುಕು ಹಾಕಿದವನೊಬ್ಬ ಹಿಂದಿನ ಬಾಗಿಲು ತೆರೆದ. ಮೈಮೇಲೆ ಸಮವಸ್ತ್ರ. ಅದನ್ನು ಕಂಡದ್ದೇ ತಡ, ಮಾವ ನೆಟ್ಟಗೆ ಕೂತು, ಮುಷ್ಟಿ ಎತ್ತಿ ಕೂಗಿದರು: "ನಾಯಕನಿಗೆ ಜಯವಾಗಲಿ!"

ಆ ಕೂಗು ಹಾಕಿದವರನ್ನು ಈಗ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಾರೆ.

"ಇಳಿ ಮುದುಕಾ," ಎಂದ ಮುಸುಕಿನವನು.

"ಅಣ್ಣಾ, ಅದು ಜೈಲಿನ ಅಭ್ಯಾಸ!" ಎಂದು ನಾನು ಕಿರುಚಿದೆ. "ದಿನಾ ಬೆಳಿಗ್ಗೆ ಸಿಪಾಯಿ ಬಂದಾಗ ಹಿಂಗೆ ಕೂಗದಿದ್ರೆ ಅಂಗಾಲಿಗೆ ಬಾರಿಸ್ತಿದ್ರು. ಬೇಕೂಂತ ಅಂದಿದ್ದಲ್ಲ, ಅಲ್ಲಾಹನಾಣೆ!"

ಮಾವನ ಕಣ್ಣು ಅವನ ಬೂಟಿನ ಮೇಲಿತ್ತು. ಎತ್ತಿದ ಮುಷ್ಟಿಯನ್ನು ಇಳಿಸುವ ಧೈರ್ಯ ಅವರಿಗಿರಲಿಲ್ಲ. ಪ್ಯಾಂಟು ಒದ್ದೆಯಾಗಿತ್ತು. ಮುಸುಕಿನವನು ಅದನ್ನು ನೋಡಿ ಮೂಗು ಮುಚ್ಚಿಕೊಂಡ, ಜೀಪಿನವರು ನಕ್ಕರು. ನನಗೆ ಅವಮಾನವಾಗಲಿಲ್ಲ, ಅವರು ನಗುತ್ತಲೇ ಇರಲಿ ಎಂದು ಬೇಡಿಕೊಂಡೆ.

"ಹೋಗ್ರಿ, ಹೋಗ್ರಿ," ಎಂದು ಅವನು ಬಾಗಿಲು ಬಡಿದ.

ಒಂದು ಮೈಲಿ ಹೋದ ಮೇಲೆ ಅರೀಬಿ ಕಾರು ನಿಲ್ಲಿಸಿದ. ಹಿಂದಿನ ಬಾಗಿಲಿಗೆ ಬಂದು, ಮಾವ ಇನ್ನೂ ಎತ್ತಿಯೇ ಇದ್ದ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಲು ನೋಡಿದ. "ಸಾಕು ಹಾಜಿಗಳೇ. ಮುಗೀತು."

ಮಾವ ಕೈ ಇಳಿಸಲಿಲ್ಲ.

"ಮುಂದೆ ಇನ್ನೊಂದು ಚೆಕ್‌ಪೋಸ್ಟ್ ಇದ್ಯಲ್ಲೋ," ಎಂದರು. "ಅಲ್ಲಿ ಯಾರ ಹೆಸರು ಕೂಗ್ಬೇಕು? ಈಗ್ಲೇ ಹೇಳ್ಕೊಡು ಮಗಾ, ಕಲ್ತ್ಕೋತೀನಿ."