ಮೇಣದ ಮೇಲಿನ ಹೆಬ್ಬೆಟ್ಟು

ಬೈಯುವುದಾದರೆ ಮೊದಲು ನನ್ನನ್ನೇ ಬೈಯಬೇಕು. ರಾಮನವಮಿಯ ಮಟಮಟ ಮಧ್ಯಾಹ್ನ, ನೂರು ವರ್ಷದ ವೀಣೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಕಾರನ್ನು ಬಿಸಿಲಲ್ಲಿ ಬಿಟ್ಟು, ದಟ್ಟಗಳ್ಳಿಯ ರವಿಚಂದ್ರನ ಮನೆಯೊಳಗೆ ಒಂದು ಗಂಟೆ ಜಗಳವಾಡಿದೆ. ಸಂಜೆಯ ಕಛೇರಿಗೆ ಮೈಕ್ ಬೇಕೋ ಬೇಡವೋ ಎನ್ನುವುದೇ ಜಗಳ.

ನಮ್ಮದು ಐದು ಜನರ ತಂಡ. ಅರಮನೆಯ ಕಾಲದ ರಚನೆಗಳನ್ನು ಆ ಕಾಲದ ವಾದ್ಯಗಳಲ್ಲೇ ನುಡಿಸುತ್ತೇವೆ. ರವಿಚಂದ್ರನದು ಮುಖವೀಣೆ. ಹೆಸರಿಗೆ ವೀಣೆ, ಊದುವುದು ಗೇಣುದ್ದದ ಕೊಳವೆ. ವೀಣೆ ನುಡಿಸುವವಳು ನಾನು, ಆದರೆ ವಾದ್ಯ ಗುರುಸಿದ್ದಯ್ಯ ಮೇಷ್ಟ್ರದು. ತಂಡ ಕಟ್ಟಿದವರೂ ಅವರೇ.

“ಮೈಕ್ ಇಟ್ಮೇಲೆ ಹಳೇ ಸಂಗೀತ ಎಲ್ಲಿ ಬಂತು ಕಣೋ?” ಎಂದು ನಾನು ಕೂಗಾಡುತ್ತಿದ್ದಾಗ ಹೊರಗೆ ಕಾರಿನಲ್ಲಿ ವೀಣೆಯ ಮೇಣ ಮೆತ್ತಗಾಗುತ್ತಿತ್ತು.

ವೀಣೆಯ ಇಪ್ಪತ್ತನಾಲ್ಕು ಕಂಚಿನ ಮೆಟ್ಟಿಲುಗಳು ಕೂತಿರುವುದು ಮಸಿ ಬೆರೆಸಿದ ಜೇನುಮೇಣದ ಮೇಲೆ. ಒಂದೊಂದನ್ನೂ ಕಿವಿಯಿಂದಲೇ ಅಳೆದು ಮೇಣಕ್ಕೆ ಊರಬೇಕು. ಅದಕ್ಕೆ ಮೇಳ ಕಟ್ಟುವುದು ಅನ್ನುತ್ತಾರೆ. ಕೂದಲೆಳೆಯಷ್ಟು ಸರಿದರೂ ಸ್ವರ ಕೆಟ್ಟಿತು. ಕಟ್ಟಿ ಮುಗಿಸಿದವರು ಕೊನೆಯ ಮೆಟ್ಟಿಲಿನಾಚೆ ಮೇಣದಲ್ಲಿ ಹೆಬ್ಬೆಟ್ಟು ಒತ್ತುವುದು ಮೇಷ್ಟ್ರ ಮನೆತನದ ರೂಢಿ. ಮೂರು ವರ್ಷದ ಹಿಂದೆ ಅವರು ಹಾಗೆ ಒತ್ತಿದರು. ಮಾರನೆಯ ವರ್ಷವೇ ಅವರ ಕಿವಿ ಪೂರ್ತಿ ಹೋಯಿತು. ಈಗ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ಅವರ ಕೊನೆಯ ಮೇಳ ಇದು. ನಾನು ಅದನ್ನು ಬಿಸಿಲಿಗಿಟ್ಟೆ.

ಕಾರಿನ ಬಾಗಿಲು ತೆಗೆದಾಗ ಎರಡು ಗಂಟೆ. ಹನ್ನೊಂದು ಮೆಟ್ಟಿಲು ವಾಲಿದ್ದವು. ಹೆಬ್ಬೆಟ್ಟಿನ ಗೆರೆಗಳು ಕಲಸಿಹೋಗಿದ್ದವು.

“ಕಛೇರಿ ಬೇಡ ಅಂದ್ಬುಡೋಣ ಅಕ್ಕ,” ಎಂದ ರವಿಚಂದ್ರ.

“ಮೇಷ್ಟ್ರಿಗೆ ಏನಂತ ಹೇಳ್ತೀಯ? ಸುಮ್ನಿರು.”

ಮೇಷ್ಟ್ರು ಮೇಳ ಕಟ್ಟುವಾಗ ನಾನು ಕಬ್ಬಿಣದ ಕಡ್ಡಿ ಕಾಯಿಸಿ ಕೊಟ್ಟವಳೇ ಹೊರತು ಒಂದು ಮೆಟ್ಟಿಲನ್ನೂ ಊರಿದವಳಲ್ಲ. ಈಗ ರವಿಚಂದ್ರನ ಹೆಂಡತಿ ದಿವ್ಯ ಸ್ಟವ್ ಮೇಲೆ ಕಡ್ಡಿ ಕಾಯಿಸಿದಳು. ನಾನು ಮೇಣ ಸಡಿಲಿಸಿ, ಮೆಟ್ಟಿಲು ಸರಿಸಿ, ತಂತಿ ಮೀಟಿ ಕೇಳಿದೆ. ಮತ್ತೆ ಸರಿಸಿದೆ.

“ಫೋನಲ್ಲಿ ಆ್ಯಪ್ ಇದೆ ಅಕ್ಕ, ಶ್ರುತಿ ತೋರ್ಸುತ್ತೆ,” ಎಂದ ರವಿಚಂದ್ರ.

“ಅದು ತೋರ್ಸೋ ಗಾಂಧಾರ ಮೇಷ್ಟ್ರ ಗಾಂಧಾರ ಅಲ್ಲ ಕಣೋ!”

ಮೇಷ್ಟ್ರ ಗಾಂಧಾರ ಯಾವುದೆಂದು ನನಗಾದರೂ ಗೊತ್ತಿತ್ತೇ? ಹದಿನೆಂಟು ವರ್ಷ ಕೇಳಿದ್ದೆ, ಅಷ್ಟೆ. ಬೆವರು ಮೇಣದ ಮೇಲೆ ತೊಟ್ಟಿಕ್ಕುತ್ತಿತ್ತು, ದಿವ್ಯ ಸೆರಗಿನಿಂದ ಒರೆಸುತ್ತಿದ್ದಳು. ಐದೂವರೆಗೆ ಹತ್ತು ಮೆಟ್ಟಿಲು ಕೂತವು. ಒಂಬತ್ತನೆಯದು, ಧೈವತದ್ದು, ಎಷ್ಟು ಮಾಡಿದರೂ ಒಪ್ಪಲಿಲ್ಲ. ಹೊತ್ತು ಮೀರಿತ್ತು. ಕಡ್ಡಿಯನ್ನೂ ಒಂದು ಮೇಣದಬತ್ತಿಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆವು. ಮೇಷ್ಟ್ರಿಗೆ ಏನೂ ಹೇಳಬಾರದೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೆ.

ಕೃಷ್ಣಮೂರ್ತಿಪುರಂನ ಹಾಲ್‌ನಲ್ಲಿ ಆಗಲೇ ಎಂಬತ್ತು ಜನ ಕೂತಿದ್ದರು. ಕಿವಿ ಹೋದ ಮೇಲೂ ಮೇಷ್ಟ್ರು ಒಂದು ಪದ್ಧತಿ ಬಿಟ್ಟಿರಲಿಲ್ಲ. ಕಛೇರಿಗೆ ಮೊದಲು ವೀಣೆಯನ್ನು ತೊಡೆಯ ಮೇಲಿಟ್ಟು ಮೆಟ್ಟಿಲುಗಳ ಮೇಲೆ ಬೆರಳಾಡಿಸುತ್ತಿದ್ದರು. ಆವತ್ತೂ ಆಡಿಸಿದರು. ಬೆರಳು ಕೊನೆಯ ಮೆಟ್ಟಿಲು ದಾಟಿ, ಹೆಬ್ಬೆಟ್ಟಿನ ಗುರುತು ಹುಡುಕಿ, ನಿಂತಿತು.

“ಯಾರು ಕಟ್ಟಿದ್ದು?”

ನಿಶ್ಚಯವೆಲ್ಲ ಹಾರಿಹೋಯಿತು. “ನಾನೇ ಮೇಷ್ಟ್ರೇ. ಬಿಸಿಲಲ್ಲಿ ಬಿಟ್ಬುಟ್ಟೆ. ಮೇಣ ಜಾರ್ತು.”

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಎಲ್ಲಾ ಸರಿಯಾಗಿ ಕೂತಿದೆಯಾ?”

ಹೂಂ ಅಂದುಬಿಡಬಹುದಿತ್ತು. ಅವರಿಗೆ ಕೇಳಿಸುವುದಿಲ್ಲ. ಆ ಧೈವತ ತಪ್ಪೆಂದು ಹಿಡಿಯಬಲ್ಲವರು ಆ ಹಾಲ್‌ನಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅದು ಹೊಳೆದಾಗ ಮಧ್ಯಾಹ್ನಕ್ಕಿಂತ ಹೆಚ್ಚು ಹೆದರಿದೆ.

“ಒಂಬತ್ತನೇದು ಇಲ್ಲ. ಒಂದು ಚೂರು ಇಳಿದಿದೆ.”

“ಸರಿ ಮಾಡು. ಜನ ಕಾಯ್ತಾರೆ.”

ಎಂಬತ್ತು ಜನರೆದುರು ರವಿಚಂದ್ರ ಮೇಣದಬತ್ತಿ ಹಚ್ಚಿ ಕಡ್ಡಿ ಕಾಯಿಸಿದ. ನಾನು ಮೆಟ್ಟಿಲು ಸರಿಸಿ ಮೀಟಿದೆ. ಮೇಷ್ಟ್ರು ಕಣ್ಣೆತ್ತಿ “ಈಗ?” ಎಂದರು. ಇಲ್ಲವೆಂದು ತಲೆಯಾಡಿಸಿದೆ. ಇನ್ನೊಮ್ಮೆ ಸರಿಸಿ ಮೀಟಿದೆ. “ಈಗ?” ಎಂದರು ಮತ್ತೆ. ನಾನು ಕಣ್ಣು ಮುಚ್ಚಿ ಆಲಿಸಿದೆ. ಹದಿನೆಂಟು ವರ್ಷ ಕೇಳಿದ್ದ ಧೈವತ ಅಲ್ಲಿತ್ತು.

“ಈಗ ಸರಿ ಇದೆ, ಮೇಷ್ಟ್ರೇ.”

ಅವರು ಕಡ್ಡಿ ಇಸಿದುಕೊಂಡು, ತಮ್ಮ ಗುರುತು ಅಳಿಸಿಹೋದ ಕಡೆಯೇ ಮೇಣ ಮೆತ್ತಗೆ ಮಾಡಿ, ನನ್ನ ಹೆಬ್ಬೆರಳು ಹಿಡಿದು ಒತ್ತಿದರು. ಸುಟ್ಟಿತು. ನಾನು ಕೈ ಎಳೆದುಕೊಳ್ಳಲಿಲ್ಲ.