ಬಲಗೈ ಕಡೆಯ ಬೇಲಿ

ಮನೆಗಾಡಿಯ ಹಿಂದೆ ಕಾರು ಕಟ್ಟುವುದು ಇಬ್ಬರ ಕೆಲಸ. ಡೆಲ್ಬರ್ಟ್ ಕಬ್ಬಿಣದ ತೋಳುಗಳನ್ನು ಎಳೆದು ಕಾರಿನ ಮೂತಿಗೆ ಸಿಗಿಸಿ ಪಿನ್ನು ತೂರಿಸುತ್ತಾನೆ. ಹೆಂಡತಿ ಆರ್ಡಿತ್ ಕಾರಿನೊಳಗೆ ಕೂತಿರುತ್ತಾಳೆ.

"ಗೇರು?" ಎಂದು ಅವನು ಕೂಗಬೇಕು.

"ಬಿಡಿಸಿದೀನಿ."

"ಬ್ರೇಕು?"

"ಇಳಿಸಿದೀನಿ."

ನೆಬ್ರಾಸ್ಕಾದ ಹೊಲದಲ್ಲಿ ಟ್ರ್ಯಾಕ್ಟರಿಗೆ ಬಿತ್ತನೆಯ ಯಂತ್ರ ಹೂಡುವ ಕಾಲದಿಂದ ಬಂದ ಅಭ್ಯಾಸ ಅದು. ದನಗಳನ್ನು ಮಾರಿ, ಹೊಲವನ್ನು ಗುತ್ತಿಗೆಗೆ ಕೊಟ್ಟು, ಚಳಿಗಾಲ ಬಂತೆಂದರೆ ಬಸ್ಸಿನಷ್ಟು ಉದ್ದದ ಈ ಗಾಡಿಯಲ್ಲಿ ಮರುಭೂಮಿಯ ಕಡೆ ಇಳಿದುಬರಲು ಶುರುಮಾಡಿದ ಮೇಲೂ ಅದು ಬಿಟ್ಟಿರಲಿಲ್ಲ. ಜಗಳವಾಡಿದ ದಿನಗಳಲ್ಲೂ ಅಷ್ಟು ಮಾತು ಮಾತ್ರ ಆಗುತ್ತಿತ್ತು.

ಆ ಬೆಳಿಗ್ಗೆ ಅದೂ ಆಗಲಿಲ್ಲ.

ನ್ಯೂ ಮೆಕ್ಸಿಕೋದ ಒಂದು ಜಲ್ಲಿ ಬಯಲಿನಲ್ಲಿ ರಾತ್ರಿ ತಂಗಿದ್ದರು. ಅಲ್ಲಿಂದ ಪಶ್ಚಿಮಕ್ಕೆ ಎರಡು ಗಂಟೆ ಹೋದರೆ ಎಡಕ್ಕೊಂದು ಮಣ್ಣುದಾರಿ. ಅದರ ಕೊನೆಯಲ್ಲಿ ಆರ್ಡಿತ್‌ಳ ಅಣ್ಣ ರಾಯ್ಸ್‌ನ ಮನೆ. ರಾಯ್ಸ್‌ನ ಹೆಂಡತಿ ಬೆನಿಟಾ ಹಿಂದಿನ ದಿನ ಫೋನು ಮಾಡಿದ್ದಳು. "ಬೆಳಗಿನ ಹೊತ್ತೇ ಬಾ ಆರ್ಡಿತ್. ಬೆಳಿಗ್ಗೆ ಎಲ್ಲಾ ನೆನಪಿರುತ್ತೆ. ಮಧ್ಯಾಹ್ನ ಕಳೀತು ಅಂದ್ರೆ ಅವನು ಅವನಲ್ಲ. ನಾಡಿದ್ದು ಪೇಟೆಯ ವೃದ್ಧಾಶ್ರಮಕ್ಕೆ ಸೇರಿಸ್ತೀವಿ. ಅಲ್ಲಿಗೆ ಹೋದ್ಮೇಲೆ ಬೆಳಿಗ್ಗೇನೂ ಹೋಗುತ್ತೆ ಅಂತಾರೆ."

ಆರ್ಡಿತ್ ಹೆಂಚಿನ ಮೇಲೆ ಮೊಟ್ಟೆ ಒಡೆದಳು. "ನೀನೂ ಬಾ ಡೆಲ್."

"ಆ ಮಣ್ಣುದಾರಿಗೆ ಈ ಗಾಡಿ ಇಳಿಸಲ್ಲ."

"ಗಾಡಿ ಇಳಿಸು ಅಂದೋರ್ಯಾರು? ಟಾರು ರಸ್ತೆ ಪಕ್ಕ ನಿಲ್ಸು, ಕಾರಲ್ಲಿ ಹೋಗೋಣ."

"ನೀನು ಹೋಗು. ನಾನು ಬಂದೇನು ಅವನ ಕಾಲು ಒತ್ತಲಾ?"

"ಅವನಿಗೆ ತಲೆ ನಿಲ್ತಾ ಇಲ್ಲ ಕಣೋ."

"ಒಳ್ಳೇದೇ ಆಯ್ತು ಬಿಡು. ನನ್ನ ಕಡಸುಗಳನ್ನ ಕೊಂದಿದ್ದೂ ಮರ್ತುಹೋಗಿರುತ್ತೆ. ಪುಣ್ಯವಂತ. ನೆನಪಿಟ್ಕೊಂಡು ಸಾಯೋ ಕೆಲಸ ನಂದು."

ಆರ್ಡಿತ್ ಒಲೆ ಆರಿಸಿದಳು. ಅರ್ಧ ಬೆಂದ ಮೊಟ್ಟೆಯನ್ನು ಹಾಗೆಯೇ ಅವನ ತಟ್ಟೆಗೆ ಸುರಿದು ಹೊರಗೆ ಹೋದಳು.

ರಾಯ್ಸ್, ಡೆಲ್ಬರ್ಟ್ ಹಿಂದೆ ನೆಬ್ರಾಸ್ಕಾದಲ್ಲಿ ಅಕ್ಕಪಕ್ಕದ ಜಮೀನಿನವರು. ಅವರ ಕಡೆ ನಡುವಿನ ಬೇಲಿಗೆ ಒಂದು ಕಟ್ಟಳೆಯುಂಟು. ಬೇಲಿಯ ನಟ್ಟನಡುವೆ ಇಬ್ಬರೂ ಎದುರುಬದುರು ನಿಲ್ಲಬೇಕು. ಯಾರ ಬಲಗೈ ಕಡೆ ಬಂದ ಬೇಲಿಯನ್ನು ಅವರೇ ನೋಡಿಕೊಳ್ಳಬೇಕು. ರಾಯ್ಸ್‌ನ ದೊಡ್ಡ ತಳಿಯ ಗೂಳಿ ಹರಿದ ತಂತಿಯಲ್ಲಿ ನುಸುಳಿ ಡೆಲ್ಬರ್ಟ್‌ನ ಎಳೆಯ ಕಡಸುಗಳ ನಡುವೆ ಬಂದುಬಿಟ್ಟಿತು. ಹರಿದದ್ದು ಯಾರ ಬಲಗೈ ಕಡೆ? ನೀರೆತ್ತುವ ಗಾಳಿಯಂತ್ರವೇ ಬೇಲಿಯ ನಡು ಎಂದ ಡೆಲ್ಬರ್ಟ್. ಅಲ್ಲ, ಹಳೆಯ ಗೇಟೇ ನಡು ಎಂದ ರಾಯ್ಸ್. ಮುಂದಿನ ಮಾರ್ಚಿನಲ್ಲಿ ಆಲಿಕಲ್ಲು ಬೀಳುತ್ತಿರುವಾಗ ಆ ಕಡಸುಗಳು ಹೊಟ್ಟೆಗೆ ಮೀರಿದ ಕರು ಹಾಕಲಾರದೆ ಒಂದೊಂದಾಗಿ ಸತ್ತವು. ಡೆಲ್ಬರ್ಟ್ ಸರಪಳಿ ಕಟ್ಟಿ ಕರುಗಳನ್ನು ಎಳೆದ. ಆರ್ಡಿತ್ ಬ್ಯಾಟರಿ ಹಿಡಿದು ನಿಂತಿದ್ದಳು. ಒಮ್ಮೆ ಅವನು ಸತ್ತ ಕಡಸಿನ ಕುತ್ತಿಗೆಗೆ ಮುಖ ಒತ್ತಿ ಕೂತದ್ದನ್ನು ಅವಳು ನೋಡಿದಳು. ನೋಡಿದೆ ಎಂದು ಎಂದೂ ಹೇಳಲಿಲ್ಲ. ಅಂದಿನಿಂದ ಅವನು ಕಾದದ್ದು ತಪ್ಪು ತನ್ನದೆಂದು ರಾಯ್ಸ್ ಹೇಳುವ ಒಂದೇ ಮಾತಿಗೆ. ರಾಯ್ಸ್ ಆ ಮಾತು ಆಡದೆಯೇ ಜಮೀನು ಮಾರಿ, ಬೆನಿಟಾಳ ಊರಿಗೆ ಬಂದು ಆಡು ಸಾಕತೊಡಗಿದ.

ಆರ್ಡಿತ್ ಕಾರಿನಲ್ಲಿ ಕೂತಳು. ಡೆಲ್ಬರ್ಟ್ ಬಗ್ಗಿ ಪಿನ್ನು ತೂರಿಸಿದ. ಅವನೇ ಕೇಳಲಿ ಎಂದು ಅವಳು ಗಾಜಿನಾಚೆ ನೋಡುತ್ತಿದ್ದಳು. ಅವಳೇ ಹೇಳಲಿ ಎಂದು ಅವನು ಕೈ ಒರೆಸಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವನು ಹೋಗಿ ಗಾಡಿಯ ಸ್ಟಿಯರಿಂಗ್ ಹಿಡಿದು ಕೂತ. ಅವಳು ಇಳಿದು ಕಾರಿನ ಬಾಗಿಲು ಬಡಿದು, ಬಂದು ಗಾಡಿ ಹತ್ತಿದಳು.

ಗಾಡಿ ಹೊರಟಿತು. ಹಿಂದಿನದನ್ನು ತೋರಿಸುವ ಪುಟ್ಟ ಪರದೆಯ ಮೇಲೆ ಬಿಸಿಲು ಹೊಳೆಯುತ್ತದೆಂದು ಡೆಲ್ಬರ್ಟ್ ಅದಕ್ಕೆ ತನ್ನ ಟೋಪಿ ತೂಗುಹಾಕಿದ್ದ. ಏರು ಬಂದಾಗ ಎಂಜಿನ್ನು ಗೊರಗುಟ್ಟಿತು. ಅಷ್ಟು ದೊಡ್ಡ ಗಾಡಿ ಏರಿನಲ್ಲಿ ಗೊರಗುಟ್ಟದೆ ಇದ್ದೀತೇ? ಹಿಂದಿನ ಲಾರಿಯವನು ಹಾರನ್ನು ಬಡಿದ. ದಾಟಿ ಹೋಗುವಾಗ ಇನ್ನೊಬ್ಬ ಕೈ ಆಡಿಸಿದ.

"ಅವಸರ ನೋಡು ನನ್ಮಕ್ಕಳಿಗೆ," ಎಂದ ಡೆಲ್ಬರ್ಟ್, ಯಾರಿಗೂ ಅಲ್ಲದ ಹಾಗೆ.

ಆರ್ಡಿತ್ ಗಡಿಯಾರ ನೋಡುತ್ತಿದ್ದಳು. ಬೆಳಿಗ್ಗೆ ಇನ್ನೂ ಉಳಿದಿತ್ತು.

ಕೊನೆಗೆ ಒಂದು ಹಳೆಯ ಪಿಕಪ್ಪು ಪಕ್ಕಕ್ಕೇ ಬಂದಿತು. ಓಡಿಸುತ್ತಿದ್ದ ಹೆಂಗಸು ಕಿಟಕಿಯಿಂದ ಕೈ ಚಾಚಿ ಹಿಂದಕ್ಕೆ ತೋರಿಸಿದಳು. "ಹೊಗೆ! ಹೊಗೆ ಕಣ್ರೀ!"

ಇಳಿದು ನೋಡಿದರೆ ಕಾರಿನ ಹಿಂದಿನ ಎರಡು ಚಕ್ರಗಳಲ್ಲಿ ರಬ್ಬರೇ ಉಳಿದಿರಲಿಲ್ಲ. ಒಂದರ ಚೂರುಗಳು ಮಡ್‌ಗಾರ್ಡಿಗೆ ಸುತ್ತಿಕೊಂಡಿದ್ದವು. ಕಬ್ಬಿಣ ಸುಟ್ಟ ವಾಸನೆ. ಆರ್ಡಿತ್ ಬಾಗಿಲು ತೆಗೆದಳು. ಹ್ಯಾಂಡ್ ಬ್ರೇಕು ಮೇಲಕ್ಕೆ ಎಳೆದಂತೆಯೇ ನಿಂತಿತ್ತು.

"ನೀನು ಹೇಳ್ಲಿಲ್ಲ," ಎಂದ ಡೆಲ್ಬರ್ಟ್.

"ನೀನು ಕೇಳ್ಲಿಲ್ಲ."

ಪಿಕಪ್ಪಿನ ಹೆಂಗಸಿನ ಹೆಸರು ಎಲೋಯ್ಸಾ. ದನಗಳಿಗೆ ನೆಕ್ಕಲು ಉಪ್ಪಿನ ಗಡ್ಡೆ ತುಂಬಿಕೊಂಡು ಹೊರಟಿದ್ದಳು. ಇಬ್ಬರ ಮುಖವನ್ನೂ ಒಮ್ಮೆ ನೋಡಿ, "ಇದನ್ನ ಎಳ್ಕೊಂಡು ಹೋಗೋಕೆ ಪೇಟೆಯಿಂದ ಲಾರಿ ಬರ್ಬೇಕು," ಎಂದಳು. "ಅವ್ರು ಬರೋದು ಅವ್ರಿಗೆ ಮನಸ್ಸು ಬಂದಾಗ. ನೀವೆಲ್ಲಿಗೆ ಹೊರಟಿದ್ರಿ?"

ಆರ್ಡಿತ್ ಹೇಳಿದಳು.

"ಬೆನಿಟಾ ಮನೆಗಾ? ಆ ಕಡೆ ನಮ್ಮ ಹುಲ್ಲುಗಾವಲಿದೆ. ಇನ್ನೆರಡು ಕಡೆ ಉಪ್ಪು ಇಳಿಸ್ಬೇಕು, ತಡ ಆಗುತ್ತೆ. ಪರವಾಗಿಲ್ಲ ಅಂದ್ರೆ ಹತ್ತಿ. ಇಬ್ರಿಗೂ ಜಾಗ ಇದೆ."

ಆರ್ಡಿತ್ ಗಂಡನ ಕಡೆ ತಿರುಗಿದಳು. "ಬಾ ಡೆಲ್. ಒಂದ್ಸಲ."

ಡೆಲ್ಬರ್ಟ್ ರಸ್ತೆಯಂಚಿಗೆ ವಾಲಿ ನಿಂತ ಗಾಡಿಯನ್ನು ನೋಡಿದ. "ಇದನ್ನ ಹೀಗೇ ಬಿಟ್ಟು ಬರೋಕಾಗುತ್ತಾ?"

"ಗಾಡಿ ನೆಪ ಇನ್ನೂ ಎಷ್ಟು ದಿನ ಹೇಳ್ತೀಯೋ?" ಎಂದು ಅವಳು ಪಿಕಪ್ಪು ಹತ್ತಿದಳು.

ಉಪ್ಪು ಇಳಿಸಿ ಇಳಿಸಿ ಮುಟ್ಟುವಾಗ ಹೊತ್ತು ವಾಲಿತ್ತು. ಬೆನಿಟಾ ಅಂಗಳದಲ್ಲೇ ಅಪ್ಪಿಕೊಂಡಳು. "ಬೆಳಿಗ್ಗೆ ಎಷ್ಟು ಸಲ ಬಾಗಿಲಿಗೆ ಬಂದ ಗೊತ್ತಾ? ಆರ್ಡಿ ಬಂದ್ಲಾ, ಆರ್ಡಿ ಬಂದ್ಲಾ ಅಂತ. ಇಸ್ತ್ರಿ ಮಾಡಿದ ಅಂಗಿನೇ ಬೇಕು ಅಂತ ಹಟ ಮಾಡಿ ಹಾಕ್ಕೊಂಡ." ಆಮೇಲೆ ದನಿ ತಗ್ಗಿಸಿದಳು. "ಊಟ ಆದ್ಮೇಲೆ ಕೇಳೋದು ಬಿಟ್ಬಿಟ್ಟ."

ಒಳಗೆ ಮೆಣಸಿನಕಾಯಿ ಹಾಕಿ ಬೇಯಿಸಿದ ಮಾಂಸದ ವಾಸನೆ ತುಂಬಿತ್ತು. ರಾಯ್ಸ್ ಮೇಜಿನ ಮುಂದೆ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿದ್ದ. ಅವಳನ್ನು ಕಂಡು ಎದ್ದು ನಿಂತು ಕೈ ಕೊಟ್ಟ.

"ಕೂತ್ಕೊಳ್ಳಿ. ಆಶ್ರಮದಿಂದ ಬಂದ್ರಾ?"

ಚಿಕ್ಕಂದಿನಲ್ಲಿ ಟ್ರ್ಯಾಕ್ಟರ್ ಓಡಿಸಲು ಕಲಿಸಿದವನು, ಜೀವಮಾನದಲ್ಲಿ ಅವಳನ್ನು ಬಹುವಚನದಲ್ಲಿ ಕರೆಯದವನು. ಆರ್ಡಿತ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಇಲ್ಲ. ನೆಬ್ರಾಸ್ಕಾದಿಂದ."

"ಓಹೋ!" ರಾಯ್ಸ್‌ನ ಮುಖ ಅರಳಿತು. "ಹಾಗಾದ್ರೆ ಡೆಲ್ಬರ್ಟ್ ನಿಮಗೆ ಗೊತ್ತಿರ್ಬೇಕು."

"ಗೊತ್ತು."

"ಕೆಲಸದಲ್ಲಿ ಕಲ್ಲಿನಂಥ ಮನುಷ್ಯ. ಬಾಯಿ ಮಾತ್ರ ಹಾಳು." ಅವನು ನಕ್ಕು, ಬಗ್ಗಿ, ಗುಟ್ಟು ಹೇಳುವವನಂತೆ ಅವಳ ಮುಂಗೈ ಮುಟ್ಟಿದ. "ಅವನು ಸಿಕ್ರೆ ಒಂದು ಮಾತು ಹೇಳ್ತೀರಾ? ಗಾಳಿಯಂತ್ರವೇ ನಡು. ಗೂಳಿ ನುಗ್ಗಿದ ಮೇಲೆ ನಾನೊಬ್ಬನೇ ಹೋಗಿ ಅಳೆದು ನೋಡ್ದೆ. ಹರಿದಿದ್ದ ತಂತಿ ನನ್ನ ಬಲಗೈ ಕಡೆಯದೇ. ಹೇಳೋಕೆ ನಾಚಿಕೆ ಆಯ್ತು, ಆಮೇಲೆ ಹೊತ್ತು ಮೀರಿಹೋಯ್ತು. ಹೇಳ್ತೀರಲ್ಲ?"

"ಹೇಳ್ತೀನಿ."

"ಅವನ ಹೆಂಡ್ತಿ ನನ್ನ ತಂಗಿ. ಇವತ್ತು ಬರ್ತೀನಿ ಅಂದಿದ್ಳು." ರಾಯ್ಸ್ ಬಾಗಿಲ ಕಡೆ ನೋಡಿದ. "ಅವನು ಬಿಟ್ಟಿರಲ್ಲ."

ಬೆನಿಟಾ ತಟ್ಟೆ ಇಟ್ಟಳು. ಆರ್ಡಿತ್ ತಿಂದಳು. ಅವಳು ಹೊರಡುವಾಗ ರಾಯ್ಸ್ ಮತ್ತೆ ಎದ್ದು ಕೈ ಕೊಟ್ಟು, ಇಷ್ಟು ದೂರ ಬಂದದ್ದಕ್ಕೆ ತುಂಬಾ ಉಪಕಾರವಾಯಿತೆಂದ.

ಬೆನಿಟಾ ಅವಳನ್ನು ಟಾರು ರಸ್ತೆಗೆ ಮುಟ್ಟಿಸುವಾಗ ಇನ್ನೂ ಬೆಳಕಿತ್ತು. ಕಾರನ್ನು ಆಗಲೇ ಎಳೆದುಕೊಂಡು ಹೋಗಿದ್ದರು. ಡೆಲ್ಬರ್ಟ್ ಗಾಡಿಯ ನೆರಳಿನಲ್ಲಿ ಮಡಚುವ ಕುರ್ಚಿಗಳನ್ನು ಹಾಕಿ, ಒಂದರಲ್ಲಿ ಕೂತಿದ್ದ. ಇನ್ನೊಂದರ ಪಕ್ಕ ಅವಳ ಲೋಟದಲ್ಲಿ ಕಾಫಿ ಆರಿಹೋಗಿತ್ತು. ಎಷ್ಟು ಹೊತ್ತಿಗೆ ಬರುತ್ತಾಳೆಂದು ಗೊತ್ತಿಲ್ಲದೆಯೇ ಮಾಡಿಟ್ಟಿದ್ದ.

"ಗುರುತು ಹಿಡಿದ್ನಾ?"

"ಇಲ್ಲ."

ಡೆಲ್ಬರ್ಟ್ ಬೂಟಿನ ತುದಿಯಿಂದ ಜಲ್ಲಿಯನ್ನು ತಳ್ಳಿದ. "ಬೆಳಿಗ್ಗೇನೇ ಕಾರಲ್ಲಿ ನೀನು ಹೊರಟುಬಿಡ್ಬೇಕಿತ್ತು."

"ಎರಡೆರಡು ಗಾಡಿಗೆ ಎಣ್ಣೆ ಯಾಕೆ ಅಂದೋನು ನೀನು."

"ಹೂಂ. ಅಂದಿದ್ದೆ." ಕೇಳಬಾರದೆಂದು ಇಡೀ ಮಧ್ಯಾಹ್ನ ತಡೆದುಕೊಂಡಿದ್ದು ದನಿಯಲ್ಲೇ ತಿಳಿಯುತ್ತಿತ್ತು. "ನನ್ನ ವಿಷಯ ಏನಾದ್ರೂ ಎತ್ತಿದ್ನಾ?"

ಆರ್ಡಿತ್ ಆರಿದ ಕಾಫಿಯನ್ನು ಜಲ್ಲಿಯ ಮೇಲೆ ಚೆಲ್ಲಿದಳು. ಆಲಿಕಲ್ಲಿನ ಆ ರಾತ್ರಿ, ಸತ್ತ ಕಡಸಿನ ಕುತ್ತಿಗೆ, ಅದಕ್ಕೆ ಒತ್ತಿದ ಮುಖ, ಎಲ್ಲವೂ ಅವಳ ಕಣ್ಣೆದುರಿತ್ತು. ಬೆಳಿಗ್ಗೆಯೆಲ್ಲಾ ಬಾಗಿಲಲ್ಲಿ ಅವಳಿಗಾಗಿ ಕಾದ ಇಸ್ತ್ರಿ ಮಾಡಿದ ಅಂಗಿಯೂ ಇತ್ತು.

"ಇಲ್ಲ," ಎಂದಳು. "ನಿನ್ನ ಹೆಸರೇ ಎತ್ತಲಿಲ್ಲ."

ಅವನು ತಲೆ ಆಡಿಸಿದ. ಎದ್ದು ಕುರ್ಚಿ ಮಡಚಿದ. ಅವಳೂ ತನ್ನದನ್ನು ಮಡಚಿ ಅವನ ಕೈಗೆ ಕೊಟ್ಟಳು.