ಎರಡಕ್ಕೇ ಚುಚ್ಚುವವಳು

ನನ್ನ ಮಗಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ. ವಾರಕ್ಕೊಮ್ಮೆ ಮನೆಯಲ್ಲೇ ಇಂಜೆಕ್ಷನ್ ಆಗಬೇಕು. ಅದನ್ನು ನನ್ನ ಹೆಂಡತಿ ಕೊಡುತ್ತಿದ್ದಳು. ಫ್ರಿಜ್ಜಿನಿಂದ ತೆಗೆದಿಟ್ಟ ಔಷಧಿ ನನ್ನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ತಣುಪು ಕಳೆದು ಚುಚ್ಚಲು ಹದವಾಗಿರುತ್ತಿತ್ತು. "ನಿಮ್ಮ ಜಪದಿಂದ ಇಷ್ಟಾದರೂ ಉಪಯೋಗ ಆಯ್ತಲ್ಲ" ಎಂದು ಅವಳು ಛೇಡಿಸುತ್ತಿದ್ದಳು. ಆಮೇಲೆ, ಮೂರು ಎಂದಾಗ ಚುಚ್ಚುತ್ತೇನೆಂದು ಎಣಿಸತೊಡಗಿ, ಎರಡಕ್ಕೇ ಚುಚ್ಚಿಬಿಡುತ್ತಿದ್ದಳು. ಮಗಳು ಪ್ರತಿ ಸಲವೂ ಮೋಸಹೋಗುತ್ತಿದ್ದಳು.

ಹೆಂಡತಿಯನ್ನು ದೇವರು ಕರೆಸಿಕೊಂಡ ಮೇಲೆ ಇದು ಮೊದಲ ಇಂಜೆಕ್ಷನ್. ನನಗೆ ಚುಚ್ಚಲು ಬಾರದು, ಮಗಳೇ ಚುಚ್ಚಿಕೊಳ್ಳಬೇಕು. ಅವಳು ತೊಡೆಗೆ ಸ್ಪಿರಿಟ್ಟಿನ ಹತ್ತಿ ಒರೆಸಿದ್ದೇ ಒರೆಸಿದ್ದು, ಸಿರಿಂಜು ಮಾತ್ರ ಮುಂದಕ್ಕೆ ಹೋಗಲೊಲ್ಲದು. ಈ ವಾರ ತಪ್ಪಿದರೆ ಅವಳ ಕಾಲು ಮತ್ತೆ ಮರಗಟ್ಟೀತೆಂದು ನನಗೆ ದಿಗಿಲು.

"ಚುಚ್ಕೊಳ್ಳೇ ತಾಯಿ."

"ನನಗೆ ನಾನೇ ಹೇಗಪ್ಪ ಮೋಸ ಮಾಡ್ಕೊಳ್ಳಲಿ? ನೀನು ಎಣಿಸು."

"ಸುಳ್ಳು ಲೆಕ್ಕ ನನ್ನಿಂದಾಗಲ್ಲ. ಮೂರು ಅಂದ್ರೆ ಮೂರೇ."

"ಗೊತ್ತು ಬಿಡು. ಅದಕ್ಕೇ ಅಮ್ಮ ನಿನ್ನ ಕೈಗೆ ಸೂಜಿ ಕೊಡ್ತಿರ್ಲಿಲ್ಲ."

ಕಣ್ಣು ಮುಚ್ಚಿ, ದೇವರನ್ನು ನೆನೆದು, "ಒಂದು" ಎಂದೆ. "ಎರಡು" ಎಂದೊಡನೆ ಹೆಂಡತಿಯ ನೆನಪಾಯಿತು. ಮುಂದಿನದು ಬಾಯಿಗೆ ಬರಲಿಲ್ಲ. ಕಣ್ಣು ತೆರೆದು ನೋಡಿದರೆ ಮಗಳು ಖಾಲಿ ಸಿರಿಂಜನ್ನು ಡಬ್ಬಿಗೆ ಹಾಕುತ್ತಿದ್ದಳು.

"ನಾನಿನ್ನೂ ಮೂರು ಅಂದೇ ಇಲ್ವಲ್ಲೇ!"

"ಮೂರರ ತನಕ ಕಾಯೋಕೆ ನಾನೇನು ನಿನ್ನ ಮಗಳಾ? ಅಮ್ಮನ ಮಗಳಪ್ಪ."